ಇಂಗ್ಲಿಷಿಗೆ ಸಂಬಳವಿಲ್ಲದ ವಾಚ್‌ಮನ್

ನಿಜ ಹೇಳಿ. ಮೀಟಿಂಗಿನಲ್ಲಿ ಯಾರೋ ‘ಇರ್‌ರಿಗಾರ್ಡ್‌ಲೆಸ್’ ಅಂದ ತಕ್ಷಣ ನಿಮ್ಮ ಮೊಣಕೈ ತಾನಾಗೇ ಪಕ್ಕದವರ ಪಕ್ಕೆ ತಿವಿಯುತ್ತೋ ಇಲ್ವೋ? ‘ಕೇಳಿದ್ರಾ? ರಿಗಾರ್ಡ್‌ಲೆಸ್ಸಿನ ಹಿಂದೆ ಆಗಲೇ ಒಂದು ಇಲ್ಲ ಇದೆ, ಇವನು ಮುಂದೆ ಇನ್ನೊಂದು ಇಲ್ಲ ಅಂಟಿಸಿದ’ ಅಂತ ಪಿಸುಗುಟ್ಟೋದು ಬೇರೆ. (ಮುಖ ಆ ಕಡೆ ತಿರುಗಿಸಬೇಡಿ. ಆ ಪಕ್ಕೆ ನನ್ನದೇ.)

ಕನ್ನಡದ ವಿಷಯದಲ್ಲಿ ಮಾತ್ರ ನೀವು ಎಂಥಾ ದೊಡ್ಡ ಮನಸ್ಸಿನವರು! ಬೋರ್ಡಿನಲ್ಲಿ ‘ವಿಧ್ಯಾರ್ಥಿ’ ಅಂತಿದ್ದರೂ ‘ಅರ್ಥ ಆಯ್ತಲ್ಲ, ಬಿಡ್ರೀ’ ಅಂತೀರಿ. ಹಾಸನ ಆಸನವಾದರೂ ಹೊಟ್ಟೆಗೆ ಹಾಕ್ಕೋತೀರಿ. ಇಂಗ್ಲಿಷಿನಲ್ಲಿ ಒಂದು ಎಸ್ ಜಾರಲಿ, ಸೀಟಿ ಊದ್ಕೊಂಡು ಓಡಿ ಬರ್ತೀರಿ. ಯಾರು ಕೊಟ್ಟರು ಸ್ವಾಮಿ ಈ ಕೆಲಸ? ಲಂಡನ್ನಿನಿಂದ ಸಂಬಳ ಏನಾದ್ರೂ ಬರ್ತಿದೆಯಾ?

ನೀವು ಸಿಡಿಮಿಡಿಗೊಳ್ಳೋ ಆ ‘ಇರ್‌ರಿಗಾರ್ಡ್‌ಲೆಸ್’ 1795ರಿಂದ ಅಚ್ಚಿನಲ್ಲಿದೆ ಕಣ್ರೀ. ಮೆರಿಯಮ್-ವೆಬ್‌ಸ್ಟರ್ ನಿಘಂಟಿನಲ್ಲೂ ಇದೆ, ಶಿಷ್ಟ ಬಳಕೆಯಲ್ಲ ಅನ್ನೋ ಷರಾದ ಸಮೇತ. ನಿಘಂಟಿನವರು ಜನಗಣತಿಗೆ ಬರೋ ಮೇಷ್ಟ್ರ ಥರ. ಮನೇಲಿ ಯಾರ್‍ಯಾರಿದ್ದಾರೆ ಅಂತ ಬರ್ಕೊಂಡು ಹೋಗ್ತಾರೆ. ಅಳಿಯ ಯೋಗ್ಯನೋ ಅಯೋಗ್ಯನೋ ಅಂತ ವಿಚಾರಿಸಲ್ಲ.

‘ಹಾಗಾದ್ರೆ ತಪ್ಪೆಲ್ಲಾ ಸರೀನಾ?’ ಅಂತ ಹುಬ್ಬೇರಿಸಿದ್ರಾ? ನಿಮ್ಮ ಪಲಾವಿನೊಳಗೇ ಒಂದು ತಪ್ಪಿದೆ, ಕೆದಕಿ ನೋಡಿ. ಇಂಗ್ಲಿಷರು ಹಿಂದೆ ಒಂದೇ ಒಂದು ಬಟಾಣಿಗೂ ‘ಪೀಸ್’ ಅಂತಿದ್ದರು. ಕೊನೇಲಿ ‘ಸ್’ ಇದೆ, ಬಹುವಚನವೇ ಇರಬೇಕು ಅಂತ ಜನ ತಾವೇ ತೀರ್ಮಾನಿಸಿ, ಇಲ್ಲದ ‘ಪೀ’ಯನ್ನು ಹುಟ್ಟಿಸಿಬಿಟ್ಟರು. ‘ಎ ನೇಪ್ರನ್’ ಅಂದದ್ದು ಕಿವಿಗೆ ‘ಆನ್ ಏಪ್ರನ್’ ಅಂತ ಬಿದ್ದು, ಅಡುಗೆಮನೆಯ ಏಪ್ರನ್ ಆಯ್ತು.

ಇನ್ನು ನಿಮ್ಮ ಮಗ ‘ಔಟ್ ಆಫ್ ಸಿಲಬಸ್’ ಅಂತ ಬಾಯಿ ಬಡ್ಕೋತಾನಲ್ಲ, ಆ ಸಿಲಬಸ್ಸೇ ಒಂದು ತಪ್ಪು ಓದು. ಪ್ರಾಚೀನ ರೋಮಿನ ವಾಗ್ಮಿ ಸಿಸಿರೋನ ಪತ್ರಗಳ ಹಳೇ ಮುದ್ರಣದಲ್ಲಿ ಒಂದು ಗ್ರೀಕ್ ಪದವನ್ನು ಯಾರೋ ಎಡವಟ್ಟಾಗಿ ಓದಿದ ಫಲ. (ಪರೀಕ್ಷೆಯ ತಳಪಾಯವೇ ಪ್ರೂಫ್ ಮಿಸ್ಟೇಕು! ಮಗನಿಗೆ ಹೇಳಬೇಡಿ.)

ನಿಮಗಿಂತ ಮೊದಲೇ ಜೊನಾಥನ್ ಸ್ವಿಫ್ಟ್ ಸೀಟಿ ಊದಿ ಸುಸ್ತಾಗಿದ್ದ. 1710ರಲ್ಲೇ ‘ಮಾಬ್’ನಂಥ ಮೊಟಕು ಪದಗಳ ಮೇಲೆ ಉರಿದುಬಿದ್ದ. ಯಾರೂ ಕ್ಯಾರೇ ಅನ್ನಲಿಲ್ಲ. ಅದೇ ಮಹಾರಾಯ 1726ರ ‘ಗಲಿವರ್ಸ್ ಟ್ರಾವೆಲ್ಸ್’ನಲ್ಲಿ ತಾನೇ ‘ಯಾಹೂ’ ಅಂತ ಒಂದು ಪದ ಹೊಸೆದ. (ನಿಮ್ಮ ಮೊಟ್ಟಮೊದಲ ಇ-ಮೇಲ್ ಐಡಿ ಯಾವುದರಲ್ಲಿತ್ತು?)

ಇದರ ಉಲ್ಟಾ ಕಥೆಯೂ ಇದೆ, ಸ್ವಲ್ಪ ಹತ್ತಿರ ಬನ್ನಿ. 1931ರಲ್ಲಿ ವೆಬ್‌ಸ್ಟರ್ ನಿಘಂಟಿನ ರಸಾಯನಶಾಸ್ತ್ರದ ಸಂಪಾದಕರು ಒಂದು ಚೀಟಿ ಕಳಿಸಿದರು. ಅದರಲ್ಲಿದ್ದದ್ದು ‘ಡಿ ಆರ್ ಡಿ’ (D or d). ದೊಡ್ಡ ಡಿ ಬರೀರಿ, ಚಿಕ್ಕ ಡಿ ಬರೀರಿ, ಎರಡೂ ಸಾಂದ್ರತೆಯ ಸಂಕೇತ ಅಂತ. ಅಲ್ಲಿ ಮುಖ್ಯಪದಗಳನ್ನು ಅಕ್ಷರ ಬಿಡಿಬಿಡಿಸಿ ಟೈಪಿಸೋ ಪದ್ಧತಿ. ಮುಂದಿನ ಟೇಬಲ್ಲಿನವರು ನಾಲ್ಕಕ್ಷರವನ್ನೂ ಕೂಡಿಸಿ ‘ಡಾರ್ಡ್’ ಅಂತ ಓದಿಕೊಂಡರು!

1934ರ ಆವೃತ್ತಿಯಲ್ಲಿ ಡಾರ್ಡ್ ಮಹಾಶಯರು ಠೀವಿಯಿಂದ ಕೂತರು. 1939ರಲ್ಲಿ ಒಬ್ಬ ಸಂಪಾದಕರು ‘ಇದಕ್ಕೆ ವ್ಯುತ್ಪತ್ತಿಯೇ ಇಲ್ವಲ್ಲ’ ಅಂತ ಕೆದಕೋ ತನಕ ಗುಟ್ಟು ರಟ್ಟಾಗಲಿಲ್ಲ. ಹೇಗಾಗುತ್ತೆ? ಯಾರಾದರೂ ಅದನ್ನು ಬಳಸಿದ್ದರೆ ತಾನೆ! ನಿಘಂಟಿನಲ್ಲಿ ಸೀಟು ಸಿಕ್ಕರೂ ಜನರ ಬಾಯಲ್ಲಿ ಜಾಗ ಸಿಗಲಿಲ್ಲ.

ಈಗ ನಿಮ್ಮ ‘ಪ್ರಿಪೋನ್’ ತಗೊಳ್ಳಿ. ಅಂಥ ಪದವೇ ಇಲ್ಲ ಅಂತ ಎಷ್ಟು ಮೇಷ್ಟ್ರುಗಳು ಕೆಂಪು ಇಂಕು ಸುರಿದರು! 1913ರಲ್ಲೇ ಅದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅಚ್ಚಾಗಿತ್ತು, ಅಲ್ಲಿನವರಿಗೆ ಬೇಕಾಗಲಿಲ್ಲ. ನಾವು ಬಿಡ್ತೀವಾ? ಮುಹೂರ್ತ, ಮೀಟಿಂಗು, ಪ್ರಯಾಣ ಎಲ್ಲಾ ಪ್ರಿಪೋನ್ ಮಾಡೀ ಮಾಡೀ ಆಕ್ಸ್‌ಫರ್ಡ್ ನಿಘಂಟಿನವರೆಗೂ ತಳ್ಳಿದೆವು. 2016ರಲ್ಲಿ ನಮ್ಮ ದಕ್ಷಿಣದ ‘ಅಯ್ಯೋ’ ಕೂಡ ಅಲ್ಲಿಗೇ ಹೋಗಿ ಸೇರಿಕೊಂಡಿತು.

ಗ್ಯಾರೇಜಿನಲ್ಲಿ ‘ಸ್ಟೆಪ್ನಿ ಪಂಕ್ಚರ್ ನೋಡಪ್ಪಾ’ ಅಂತೀರಲ್ಲ, ಅದು ವೇಲ್ಸ್‌ನ ಲನೆಲಿ ಊರಲ್ಲಿ ಶುರುವಾದ ಕಂಪನಿಯ ಹೆಸರು, ಆ ಊರಿನ ಒಂದು ಬೀದಿಯಿಂದ ಬಂದದ್ದು. ಲಂಡನ್ನಿನ ಹುಡುಗರ ಮುಂದೆ ಅನ್ನಿ, ಪಿಳಿಪಿಳಿ ನೋಡ್ತಾರೆ. ಇನ್ನು ನಿಮ್ಮದೇ ಇಂಗ್ಲಿಷ್ ನೋಡಿ: ಮೊನ್ನೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ‘ಲಿಟರಲಿ ಸತ್ತೇ ಹೋದೆ’ ಅಂದ್ರಿ. ಸತ್ತ ಮೇಲೂ ಎರಡು ಇಡ್ಲಿ, ಒಂದು ವಡೆ ಒಳಗೆ ಹೋಯ್ತು. (ಹೆದರಬೇಡಿ, ಆ ಥರದ ‘ಲಿಟರಲಿ’ಗೂ 1769ರಷ್ಟು ಹಳೇ ಸಾಕ್ಷಿ ಇದೆ.)

ಹಾಗಾದ್ರೆ ಇಂಥ ಪದಗಳಿಗೆ ಜಾಗ ಕೊಡಬೇಕಾ? ದುಡಿಯೋ ಪದಕ್ಕೆ ಧಾರಾಳವಾಗಿ ಕೊಡಿ. ‘ಪ್ರಿಪೋನ್’ ದುಡಿಯುತ್ತೆ. ‘ಇರ್‌ರಿಗಾರ್ಡ್‌ಲೆಸ್’ ಮಾಡೋದು ರಿಗಾರ್ಡ್‌ಲೆಸ್ ಆಗಲೇ ಮಾಡ್ತಿರೋ ಕೆಲಸವನ್ನೇ, ಅಷ್ಟರ ಮಟ್ಟಿಗೆ ನಾನು ನಿಮ್ಮ ಪಾರ್ಟಿ. ಆದರೆ ಅದನ್ನು ಆಚೆ ಹಾಕೋ ಪವರ್ ನಿಮಗೂ ಇಲ್ಲ, ನನಗೂ ಇಲ್ಲ.

ಫ್ರೆಂಚರಿಗಾದ್ರೆ 1635ರಿಂದ ಒಂದು ಅಕಾಡೆಮಿ ಇದೆ. ಇಂಗ್ಲಿಷಿನ ಮೇಲೆ ಕಂಪ್ಲೇಂಟ್ ಕೊಡೋಕೆ ಒಂದು ಕೌಂಟರ್ ಕೂಡಾ ಇಲ್ಲ. ಇದ್ದಿದ್ದರೆ ನೀವು ಬಿಡ್ತಿದ್ರಾ? ಸಿಕ್ಕ ಅಪಾಯಿಂಟ್‌ಮೆಂಟನ್ನೂ ಪ್ರಿಪೋನ್ ಮಾಡಿಸ್ಕೊಂಡು ಕ್ಯೂನಲ್ಲಿ ಎಲ್ಲರಿಗಿಂತ ಮುಂದೆ ನಿಂತಿರ್ತಿದ್ರಿ.