ಮೂವತ್ತು ಕಿಲೋದ ಅರ್ಥಶಾಸ್ತ್ರಿ

ಕರಾವಳಿಯವರಿರುವ ದುಬೈಯ ಪ್ರತಿ ಕಟ್ಟಡದಲ್ಲೂ ಒಬ್ಬ ಪೆಟ್ಟಿಗೆಯಣ್ಣ ಇದ್ದೇ ಇರುತ್ತಾನೆ. ಊರಿಗೆ ಹೊರಡಲು ಇನ್ನೂ ತಿಂಗಳಿದೆ ಎನ್ನುವಾಗಲೇ ಅವನ ಹಾಲ್‌ನಲ್ಲಿ ಸೂಟ್‌ಕೇಸು ಬಾಯಿ ತೆರೆದು ಮಲಗುತ್ತದೆ, ಪಕ್ಕದಲ್ಲಿ ತೂಕದ ಕೊಕ್ಕೆ. ಸಂಬಳ ಎಷ್ಟೇ ಇರಲಿ, ಅವನ ಬಡತನವೇ ಬೇರೆ: ಟಿಕೆಟ್ಟಿನಲ್ಲಿ ಬರೆದಿರುವ 30 ಕಿಲೋ. 2006ರಲ್ಲಿ ಮಂಗಳೂರಿನ ಬಜ್ಪೆಗೂ ದುಬೈಗೂ ನೇರ ವಿಮಾನ ಶುರುವಾದಾಗ ಮುಂಬೈಯಲ್ಲಿ ಇಳಿದು ಪೆಟ್ಟಿಗೆ ಹೊರುವ ಕಷ್ಟ ತಪ್ಪಿತು. ತೂಕದ ಕಷ್ಟ ತಪ್ಪಲಿಲ್ಲ.

ಪಿಯುಸಿಯಲ್ಲಿ ಅರ್ಥಶಾಸ್ತ್ರ ಓದಿದವರಿಗೆ ಔದಾಸೀನ್ಯ ವಕ್ರರೇಖೆ ನೆನಪಿರಬಹುದು. 1881ರಲ್ಲಿ ಅದನ್ನು ಮೊದಲು ಕಲ್ಪಿಸಿದವರು ಅರ್ಥಶಾಸ್ತ್ರಿ ಎಡ್ಜ್‌ವರ್ತ್. ತೃಪ್ತಿಯನ್ನು ಅಳೆಯುವುದು ಬೇಡ, ಯಾವುದು ಮೊದಲು ಯಾವುದು ಆಮೇಲೆ ಎಂದಷ್ಟೇ ಹೇಳಿದರೆ ಸಾಕು ಎಂದು 1934ರಲ್ಲಿ ಅದಕ್ಕೆ ಹೊಸ ಅಡಿಪಾಯ ಹಾಕಿದವರು ಹಿಕ್ಸ್ ಮತ್ತು ಅಲೆನ್. ರೇಖೆಯ ಮೇಲೆ ಎಲ್ಲಿ ನಿಂತರೂ ಗಿರಾಕಿಗೆ ಸಮಾಧಾನ ಒಂದೇ. ಎರಡು ಕಿಲೋ ಖರ್ಜೂರ ತೆಗೆದು ಒಂದು ಕಿಲೋ ಬಾದಾಮಿ ಇಟ್ಟರೂ ಬೇಸರವಿಲ್ಲ. ಆ ಪಂಡಿತರು ಊರಿನಿಂದ ಸಾಮಾನಿನ ಪಟ್ಟಿ ಕಳಿಸುವ ಅತ್ತಿಗೆಯನ್ನು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

“ನಿಡೊ ಬದಲು ಬೇರೆ ಪುಡಿ ತಗೊಳ್ಳುವಾ. ಎರಡೂ ಹಾಲೇ ಅಲ್ವಾ ಮಾರಾಯ್ತಿ?”

“ನಿಮ್ಮ ಅತ್ತಿಗೆ ಹತ್ರ ಹಾಗೆ ಹೇಳಿ ನೋಡಿ!”

ಅವನಿಗೆ ಅದು ಪೂರ್ಣ ಬದಲಿ ವಸ್ತು. ಅತ್ತಿಗೆಗೆ ಅವಮಾನ.

ಒಂದು ವಸ್ತು ಕೈಯಲ್ಲಿ ಹೆಚ್ಚಾದಂತೆ ಅದಕ್ಕಾಗಿ ಇನ್ನೊಂದನ್ನು ಬಿಟ್ಟುಕೊಡುವ ಮನಸ್ಸು ಕಡಿಮೆಯಾಗುತ್ತದೆಂಬ ನಿಯಮ ಮಾತ್ರ ಇವನಿಗೆ ಪುಸ್ತಕವಿಲ್ಲದೆಯೇ ಗೊತ್ತು. ಮೊದಲನೆಯ ಟೈಗರ್ ಬಾಮ್‌ಗಾಗಿ ತನ್ನ ಹೊಸ ಅಂಗಿಯನ್ನು ಹೊರಗಿಟ್ಟಾನು. ಆರನೆಯದಕ್ಕೆ ಕರ್ಚೀಫನ್ನೂ ಬಿಡಲಾರ. ಹೊರಗುಳಿದ ಅಂಗಿ ವ್ಯರ್ಥವಾಗುವುದಿಲ್ಲ. ಮೈಮೇಲಿನದನ್ನು ಕೌಂಟರಿನವರು ತೂಗುವುದಿಲ್ಲವಲ್ಲ! ಆಗಸ್ಟಿನ ದುಬೈಯಲ್ಲಿ ಅಂಗಿಯ ಮೇಲೆ ಅಂಗಿ, ಅದರ ಮೇಲೆ ಕೋಟು ತೊಟ್ಟವನನ್ನು ಕಂಡರೆ ಬಜ್ಪೆಗೆ ಹೊರಟವನೆಂದೇ ತಿಳಿಯಿರಿ. ಜೇಬುಗಳಲ್ಲಿ ಪಿಸ್ತಾ ಇರುತ್ತದೆ.

ಇಷ್ಟು ಮಾಡಿ ಒಯ್ಯುವ ಟ್ಯಾಂಗ್ ಮಂಗಳೂರಿನ ಅಂಗಡಿಯಲ್ಲೇ ಸಿಗುತ್ತದೆ. ಹಿಂದಿರುಗುವಾಗ ಅಮ್ಮ ತುಂಬಿಸುವ ಕುಚ್ಚಲಕ್ಕಿ ದುಬೈಯಲ್ಲೂ ಸಿಗುತ್ತದೆ. ಹೀಗೆಂದು ಯಾರಾದರೂ ಹೇಳಿದರೆ ಪೆಟ್ಟಿಗೆಯಣ್ಣ ಕನಿಕರದಿಂದ ನೋಡುತ್ತಾನೆ: “ಅದು ಬೇರೆ, ಇದು ಬೇರೆ ಮಾರಾಯ್ರೆ.” ಹಾಲಿನ ಪುಡಿಯ ವಾದ ಆಗ ಅವನಿಗೆ ನೆನಪಿರುವುದಿಲ್ಲ.

ದುಬೈಯಲ್ಲಿ ನೆಂಟರಿರುವವರಲ್ಲಿ ಒಂದೇ ವಿನಂತಿ: ಪಟ್ಟಿ ಕಳಿಸುವಾಗ ಪ್ರತಿ ಸಾಮಾನಿನ ಎದುರು ಅದರ ತೂಕವನ್ನೂ ಬರೆಯಿರಿ.