ಅಡ್ಡಬೀಳುವ ಗಾಡಿ

ಕಾರಿಗೆ ಗಾಳಿ ಬೇಕಾಗುವುದು ನಾಲ್ಕೇ ಜಾಗದಲ್ಲಿ ಎಂದು ನಂಬಿದ್ದ ಊರಿಗೆ ಎಂಟು ಕಡೆ ಗಾಳಿ ಬೇಡುವ ಕಾರನ್ನು ತಂದವನು ನನ್ನ ಭಾವಮೈದ. ಬೆಂಗಳೂರಿನ ಯಾರೋ ಶ್ರೀಮಂತರು ಸಾಕಾಗಿ ಮಾರಿದ ವಿದೇಶಿ ಗಾಡಿ. ಏಕೆ ಸಾಕಾಯಿತೆಂದು ಅವರು ಹೇಳಲಿಲ್ಲ, ಇವನು ಕೇಳಲಿಲ್ಲ. ಚಿಕ್ಕಯ್ಯನಛತ್ರದಲ್ಲಿ ಮಾವನ ಮನೆ ಅಂಗಳದಲ್ಲಿ ರಾತ್ರಿ ನೆಟ್ಟಗೆ ನಿಂತಿದ್ದ ಗಾಡಿ, ಬೆಳಿಗ್ಗೆ ನೋಡಿದರೆ ಮುಂದಿನ ಎಡಗಾಲು ಮಡಿಸಿತ್ತು.

"ನಂಜುಂಡಪ್ಪನಿಗೆ ಅಡ್ಡಬೀಳ್ತಾ ಅದ, ಬುಡಿ" ಎಂದರು ಅತ್ತೆ. ನಂಜನಗೂಡು ತಾಲ್ಲೂಕಿನಲ್ಲಿ ಈ ವಿವರಣೆಗೆ ಎದುರಾಡುವವರು ಕಡಿಮೆ. ಮಾವ ಮಾತ್ರ ಪರೀಕ್ಷೆಗಿಳಿದರು: "ಮೂತಿ ತಿರುಗ್ಸಿ ನಿಲ್ಸು, ನೋಡವ." ತಿರುಗಿಸಿದ್ದಾಯಿತು. ಮಾರನೆಯ ಬೆಳಿಗ್ಗೆಯೂ ಅದೇ ಎಡಗಾಲು. ಈಗ ಅಡ್ಡಬಿದ್ದಿದ್ದು ದನದ ಕೊಟ್ಟಿಗೆಗೆ. ಭಕ್ತಿಯ ವಾದ ಬಿತ್ತು. ಅಂಗಳವೇ ಇಳಿಜಾರು ಎನ್ನುವ ಅನುಮಾನವೂ ಜೊತೆಗೇ ಹೋಯಿತು.

ಮಾವನಿಗೆ ಗೊತ್ತಿಲ್ಲದೆಯೇ ಮೆಕ್ಯಾನಿಕ್ಕಿನ ಮೊದಲ ಪಾಠ ಮುಗಿದಿತ್ತು. ಈ ಜಾತಿಯ ಗಾಡಿಯಲ್ಲಿ ಸ್ಪ್ರಿಂಗಿನ ಜಾಗದಲ್ಲಿ ರಬ್ಬರ್ ಬಲೂನು ಇರುತ್ತದೆ. ಡಿಕ್ಕಿಗೆ ಅಕ್ಕಿ ಮೂಟೆ, ಮೇಲೊಂದು ರಸಬಾಳೆ ಗೊನೆ ಹೇರಿದರೆ ಎತ್ತರ ಕಾಯುವ ಸೆನ್ಸರ್ ಚಾಡಿ ಹೇಳುತ್ತದೆ, ಕಂಪ್ರೆಸರ್ ಗಾಳಿ ತುಂಬುತ್ತದೆ, ಬೆನ್ನು ಮತ್ತೆ ಮಟ್ಟವಾಗುತ್ತದೆ. ಒಂದೇ ಮೂಲೆ ಕುಸಿದರೆ ಆ ಚಕ್ರದ ಬಲೂನೋ ಅದರ ಪೈಪೋ ಸೋರುತ್ತಿದೆ ಎಂದರ್ಥ. ಹಲವು ಮೂಲೆ ಒಟ್ಟಿಗೆ ಇಳಿದರೆ ಗಾಳಿ ಹಂಚುವ ವಾಲ್ವ್ ಬ್ಲಾಕಿನ ಮೇಲೆ ಗುಮಾನಿ. ರಾತ್ರಿಯೆಲ್ಲ ಕುಸಿಯದೆ, ಏಳೆಂದಾಗ ಮಾತ್ರ ಏಳದಿದ್ದರೆ ಕಂಪ್ರೆಸರನ್ನೋ ಅದರ ಫ್ಯೂಸು, ರಿಲೇಯನ್ನೋ ವಿಚಾರಿಸಬೇಕು.

ಐರಾವತ ಬಸ್ಸಿನಲ್ಲಿ ಹಂಪು ಹಾರಿದರೂ ನಿದ್ದೆ ಕೆಡದಿರುವುದು ಇದೇ ಗಾಳಿಯ ಕೃಪೆ. ಹಳ್ಳಿಯ ಕೆಂಪು ಬಸ್ಸಿನದು ಕಮಾನು ಪಟ್ಟಿ. ಮುರಿದರೆ ಊರಿಗೆಲ್ಲ ಕೇಳಿಸುವಂತೆ ಮುರಿಯುತ್ತದೆ, ಗುಟ್ಟಾಗಿ ಸೋರುವ ಬುದ್ಧಿ ಅದಕ್ಕಿಲ್ಲ. ಫ್ರಾನ್ಸಿನಲ್ಲಿ 1955ರಲ್ಲಿ ಬಂದ ಸಿಟ್ರೊಯೆನ್ ಡಿಎಸ್ ಎಂಬ ಕಾರು (ಅದರದು ಎಣ್ಣೆ, ಅನಿಲಗಳ ಏರ್ಪಾಡು) ನಿಲ್ಲಿಸಿದ ಮೇಲೆ ಮೆಲ್ಲಗೆ ಕೂತುಬಿಡುತ್ತಿತ್ತು, ಚಾಲು ಮಾಡಿದರೆ ಏಳುತ್ತಿತ್ತು. ಅದರ ನಡವಳಿಕೆಯೇ ಹಾಗೆ. ಅತ್ತೆಯ ಬೀದಿಯಲ್ಲಾಗಿದ್ದರೆ ಅದಕ್ಕೂ ದೃಷ್ಟಿ ತೆಗೆಯುತ್ತಿದ್ದರು, ನಮ್ಮದಕ್ಕೆ ತೆಗೆದಾಗಿತ್ತು.

ಸರ್ವಿಸ್ ಸೆಂಟರಿನವರು ಗಾಡಿಯ ಮುಖ ನೋಡದೆ, ಫೋನಿನಲ್ಲೇ, ಬಲೂನು ಕಂಪ್ರೆಸರ್ ಎಲ್ಲ ಬದಲಿಸಬೇಕೆಂದರು. ಮೊತ್ತ ಕೇಳಿದ ಮಾವ, "ಆ ದುಡ್ಡಿಗೆ ಜೋಡಿ ಹಳ್ಳಿಕಾರ್ ಎತ್ತು ಬತ್ತವ. ಅವೂ ಕೂತ್ಕತ್ತವ, ಎಬ್ಬುಸುದ್ರೆ ಏಳ್ತವ" ಎಂದರು.

ಕೊನೆಗೆ ಬಂದವನು ಪಂಕ್ಚರ್ ಅಂಗಡಿಯ ಹುಡುಗ. ಎಂಜಿನ್ ಚಾಲು ಮಾಡಿಸಿ, ಗಾಡಿಯನ್ನು ಪೂರ್ತಿ ಎತ್ತರಕ್ಕೇರಿಸಿ, ಅಡಿಗೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟ. "ಗಾಳಿ ನಂಬ್ಕಂಡು ಯಾರಾರು ಗಾಡಿ ಕೆಳಗ ಮಲಗ್ತಾರಾ ಸಾ?" ಬಕೆಟ್ಟಿನಲ್ಲಿ ಸೋಪಿನ ನೀರು, ಒಂದು ಹಳೆ ಬ್ರಷ್ಷು. ಪೈಪಿನ ಜೋಡಣೆಗೆ ಬಳಿದ, ಏನಿಲ್ಲ. ಬಲೂನಿನ ಮಡಿಕೆಗೆ ಬಳಿದ, ಗುಳ್ಳೆ ಎದ್ದಿತು. ಗಾಡಿ ತಗ್ಗಿದ್ದಾಗ ಮಡಿಕೆ ಮುಚ್ಚಿಟ್ಟಿದ್ದ ಬಿರುಕು, ಎತ್ತರಿಸಿದ ಕೂಡಲೇ ಬಾಯಿ ಬಿಟ್ಟಿತ್ತು. ತಿರುಮಕೂಡಲು ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎನ್ನುತ್ತಾರಲ್ಲ, ಈ ತೂತು ಆ ಗುಲಗಂಜಿಗಿಂತ ಸಣ್ಣದು. ಇದನ್ನು ತುಂಬಲು ಕಂಪ್ರೆಸರ್ ಹೊತ್ತುಗೊತ್ತಿಲ್ಲದೆ ದುಡಿಯುತ್ತಿತ್ತು. ಪಾಪ, ಕಂಪ್ರೆಸರುಗಳು ಎಷ್ಟೋ ಸಲ ಸುಟ್ಟುಹೋಗುವುದು ಸ್ವಂತ ರೋಗದಿಂದಲ್ಲ, ಪಕ್ಕದವರ ಸೋರಿಕೆಗೆ ಜೀತ ಮಾಡಿ.

"ಪ್ಯಾಚ್ ಹಾಕ್ತೀಯೇನೋ?" ಎಂದ ಭಾವಮೈದ, ಆಸೆಯಿಂದ.

"ಆಗಕಿಲ್ಲ ಸಾ. ಗಾಡಿ ಓಡ್ದಂಗೆಲ್ಲ ಮಡಿಕೆ ಹೊರಳ್ತದ, ಕಿತ್ಕಂಡೋಯ್ತದ. ಬಲೂನೊಂದು ತರ್ಸಿ, ಮಿಕ್ಕಿದ್ದು ಇರ್ಲಿ."

ಸೋಪಿನ ನೀರಿಗೆ ಎಂಥ ದುಡ್ಡು ಎಂದು ಹೊರಟವನು ತಿರುಗಿ ಬಂದ. "ಸ್ಟೆಪ್ನಿಗೂ ಗಾಳಿ ನೋಡ್ಬುಡ್ಲಾ?"

ಭಾವಮೈದ ಡಿಕ್ಕಿ ತೆಗೆದ. ಸ್ಟೆಪ್ನಿಯೇ ಇಲ್ಲ. ಅದರ ಜಾಗದಲ್ಲಿ ಒಂದು ಡಬ್ಬಿ ಅಂಟು, ಅಂಗೈಯಗಲದ ಇನ್ನೊಂದು ಕಂಪ್ರೆಸರ್. ಹುಡುಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಒಳಗಿಟ್ಟು, ಡಿಕ್ಕಿಯ ಮುಚ್ಚಳದ ಒಳಗೆ ತನ್ನ ಮೊಬೈಲ್ ನಂಬರನ್ನು ದಪ್ಪಕ್ಷರದಲ್ಲಿ ಬರೆದು ಹೋದ.