ಪಿಜಿ ಹಾಜರು, ಪಾಠ ಗೈರು

ಮೊದಲು ಪ್ರಾರ್ಥನೆ. ರೆಕಾರ್ಡಿಂಗ್ ಅರ್ಧಕ್ಕೇ ನಿಂತು ಗಣಪತಿ ಅಲ್ಲೇ ಬಫರ್ ಆಗುತ್ತಾನೆ. ಆಮೇಲೆ ದೀಪ, ಅದೂ ಪರದೆಯೊಳಗೇ ಉರಿದು ಪರದೆಯೊಳಗೇ ಆರುವ ದೀಪ. ಸ್ವಾಗತ, ಪ್ರಾಸ್ತಾವಿಕ ಮುಗಿದ ಮೇಲೆ ಉಪನ್ಯಾಸಕರ ಪರಿಚಯ. ಅವರ ಪದವಿ, ಪದಕ, ಪ್ರಬಂಧಗಳನ್ನೆಲ್ಲ ಸಾವಕಾಶವಾಗಿ ಓದಿದ ನಿರೂಪಕಿ, ‘ಸರ್‌ಗೆ ಪರಿಚಯದ ಅಗತ್ಯವೇ ಇಲ್ಲ’ ಎನ್ನುತ್ತಾರೆ. ಆಮೇಲೆ ‘ಕೇಳಿಸ್ತಿದೆಯಾ?’, ‘ಸ್ಲೈಡ್ ಕಾಣ್ತಿದೆಯಾ?’, ‘ಸರ್, ನೀವು ಮ್ಯೂಟ್‌ನಲ್ಲಿದ್ದೀರಿ’ಗಳ ಸಂದಿಯಲ್ಲಿ ಎಷ್ಟು ತೂರಿಬರುತ್ತದೋ ಅಷ್ಟು ವೈದ್ಯಶಾಸ್ತ್ರ.

2020ರ ಲಾಕ್‌ಡೌನ್‌ನಲ್ಲಿ ಈ ವೆಬಿನಾರಿಗೊಂದು ಮರ್ಯಾದೆಯಿತ್ತು. ಮೂಳೆ ಡಾಕ್ಟರು, ಚರ್ಮದ ಡಾಕ್ಟರು ಆಗಬೇಕಾದವರೆಲ್ಲ ಪಿಪಿಇ ಕಿಟ್ಟಿನೊಳಗೆ ಬೇಯುತ್ತಿದ್ದಾಗ, ತಮ್ಮ ವಿಷಯದ ನಾಲ್ಕು ಮಾತು ಕಿವಿಗೆ ಬೀಳುತ್ತಿದ್ದದ್ದು ವೆಬಿನಾರಿನಲ್ಲೇ. ಲಾಕ್‌ಡೌನ್ ತೆರವಾಯಿತು, ಲಿಂಕ್ ಉಳಿದುಕೊಂಡಿತು. ಉಳಿಯದೇನು? ಹಾಲ್ ಬಾಡಿಗೆಯಿಲ್ಲ, ಊಟ ಹಾಕಿಸುವ ತಾಪತ್ರಯವಿಲ್ಲ, ಪಾಠ ಮಾಡುವವರು ವಾರ್ಡಿನವರೆಗೆ ನಡೆದು ಬರಬೇಕಾಗಿಯೂ ಇಲ್ಲ.

ಪಾಠ ಕೇಳುವವನು ಮಾತ್ರ ವಾರ್ಡಿನಲ್ಲೇ ಇದ್ದಾನೆ. ಮೆಡಿಸಿನ್ ಎಂಡಿ ಎರಡನೇ ವರ್ಷದ ಹುಡುಗ, ಅಂದರೆ ಪಿಜಿ. ಫೋನ್ ಏಪ್ರನ್ ಜೇಬಿನಲ್ಲಿ. ಅದರೊಳಗಿಂದ ಪ್ರೊಫೆಸರು ಸ್ಪ್ಲೀನ್ ಊದಿದೆಯೇ ಎಂದು ಮುಟ್ಟಿ ನೋಡುವುದನ್ನು ಹೇಳಿಕೊಡುತ್ತಿದ್ದಾರೆ. ಬಲಗಡೆ ಕಿಬ್ಬೊಟ್ಟೆಯಿಂದ ಶುರುಮಾಡಿ, ಒಂದೊಂದು ಉಸಿರಿಗೂ ಬೆರಳನ್ನು ಎಡ ಪಕ್ಕೆಲುಬಿನ ಕಡೆಗೆ ಸರಿಸುತ್ತ ಹೋಗಬೇಕು. ಎದುರಿಗೇ 12ನೇ ಬೆಡ್ಡಿನಲ್ಲಿ ಮಲೇರಿಯಾದಿಂದ ಸ್ಪ್ಲೀನ್ ಊದಿದ ಅಜ್ಜ ಮಲಗಿದ್ದಾರೆ. ಹುಡುಗ ರಕ್ತದ ಟ್ಯೂಬುಗಳಿಗೆ ಲೇಬಲ್ ಅಂಟಿಸುತ್ತಿದ್ದಾನೆ. ಅದಾದ ಮೇಲೆ ಡಿಸ್ಚಾರ್ಜ್ ಸಮ್ಮರಿ ಬರೆಯುವುದಿದೆ, ಸ್ಕ್ಯಾನ್ ರೂಮಿನವರ ಕೈಕಾಲು ಹಿಡಿಯುವುದಿದೆ. ಜೇಬಿನೊಳಗಿಂದ ಪ್ರೊಫೆಸರು ಹುರುಪಿನಲ್ಲಿ ಕನ್ನಡಕ್ಕೇ ಇಳಿದು, ‘ಅಜ್ಜಾ, ಜೋರಾಗಿ ಉಸಿರು ಎಳ್ಕೊಳ್ಳಿ’ ಎನ್ನುತ್ತಾರೆ. 12ನೇ ಬೆಡ್ಡಿನ ಅಜ್ಜ ವಿಧೇಯವಾಗಿ ಉಸಿರೆಳೆದುಕೊಳ್ಳುತ್ತಾರೆ. ಹೊಟ್ಟೆಯ ಮೇಲೆ ಮಾತ್ರ ಯಾರ ಕೈಯೂ ಇಲ್ಲ. ಹುಡುಗನ ಕೈ ಆಗಲೇ ಜೇಬಿಗೆ ಹೋಗಿದೆ: ಚಾಟ್‌ನಲ್ಲಿ ‘ಎಕ್ಸಲೆಂಟ್ ಟಾಕ್ ಸರ್’ ಎಂದು ಹಾಕದಿದ್ದರೆ ಎಚ್‌ಓಡಿ ಗೈರುಹಾಜರಿ ಹಾಕುತ್ತಾರೆ.

ಹಿರಿಯ ವೈದ್ಯರಿಗಾದರೂ ಇದರಲ್ಲಿ ಗಿಟ್ಟುವುದಿದೆ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ನವೀಕರಿಸಲು 5 ವರ್ಷಕ್ಕೆ 30 ಕ್ರೆಡಿಟ್ ಅವರ್ ಬೇಕು. ಪಿಜಿಗೆ ಇರುವುದು ಶೇ. 80ರ ಹಾಜರಿಯ ಭಯ ಮಾತ್ರ. ರೆಸಿಡೆಂಟ್ ವೈದ್ಯರಿಗೆ ಸಾಮಾನ್ಯವಾಗಿ ವಾರಕ್ಕೆ 48 ಗಂಟೆ ಕೆಲಸ ಎಂದು ಕೇಂದ್ರ ಸರ್ಕಾರ 1992ರಲ್ಲೇ ಹೇಳಿದೆ. ಸೋಮವಾರ ಬೆಳಗ್ಗೆ ಡ್ಯೂಟಿಗಿಳಿದ ಎಷ್ಟೋ ಪಿಜಿಗಳಿಗೆ ಆ ಕೋಟಾ ಬುಧವಾರದ ಕಾಫಿಯ ಹೊತ್ತಿಗೇ ಖಾಲಿ. ಹಾಗಾಗಿ ಮಿಕ್ಕ ದಿನವೆಲ್ಲ ಅವರು ಪುರುಸೊತ್ತಾಗಿಯೇ ಇರುತ್ತಾರೆ, ಭಾನುವಾರ ಸಂಜೆ ಒಂದು ವೆಬಿನಾರ್ ಕೇಳಿದರೆ ಗಂಟೇನು ಹೋಗುತ್ತದೆ ಎಂಬುದು ಮೇಲಿನವರ ಲೆಕ್ಕಾಚಾರ.

ವೆಬಿನಾರಿನ ತಪ್ಪೇನೂ ಇಲ್ಲ ಬಿಡಿ. ಜಿಲ್ಲಾ ರೆಸಿಡೆನ್ಸಿಗೆಂದು 3 ತಿಂಗಳು ಜಿಲ್ಲಾಸ್ಪತ್ರೆಗೆ ಹೋದ ಪಿಜಿ, ತಲೆ ಕೆಡಿಸಿದ ಒಂದು ಇಸಿಜಿಯನ್ನು ಪರದೆಗೆ ಹಾಕಿ, ಕಾಲೇಜಿನಲ್ಲಿರುವ ಮೇಷ್ಟ್ರ ಹತ್ತಿರ ಬೈಸಿಕೊಳ್ಳುತ್ತ ಕಲಿತರೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಅದಕ್ಕೆ ಹತ್ತು ಜನ ಸಾಕು. ಆದರೆ ಹತ್ತು ಜನರ ಸ್ಕ್ರೀನ್‌ಶಾಟ್ ವಾರ್ಷಿಕ ವರದಿಯಲ್ಲಿ ಎದ್ದು ಕಾಣುವುದಿಲ್ಲವಲ್ಲ! ಅಲ್ಲಿಗೆ ಐನೂರು ಮುಖ ಬೇಕು. ಮುಖವಿಲ್ಲದಿದ್ದರೆ ಹೆಸರಿನ ಮೊದಲಕ್ಷರವಿರುವ ಐನೂರು ಬಣ್ಣದ ಬೊಟ್ಟುಗಳಾದರೂ ನಡೆಯುತ್ತದೆ.

ಇನ್ನು ಫೀಡ್‌ಬ್ಯಾಕ್ ಫಾರ್ಮ್. ಅದನ್ನು ತುಂಬದೆ ಸರ್ಟಿಫಿಕೇಟ್ ಇಲ್ಲ. ಅದರ ಲಿಂಕ್ ಯಾರೋ ಪುಣ್ಯಾತ್ಮರ ಕೃಪೆಯಿಂದ ಪಿಜಿಗಳ ವಾಟ್ಸಾಪ್ ಗ್ರೂಪಿಗೆ ಮೊದಲೇ ಬಂದು ಬಿದ್ದಿರುತ್ತದೆ. ‘ಈ ಉಪನ್ಯಾಸದಿಂದ ನೀವು ರೋಗಿಯನ್ನು ನೋಡುವ ರೀತಿ ಬದಲಾಯಿತೇ?’ ಎಂಬ ಪ್ರಶ್ನೆಗೆ, ಉಪನ್ಯಾಸಕರು ಎರಡನೇ ಸ್ಲೈಡಿಗೆ ಬರುವಷ್ಟರಲ್ಲಿ ಐನೂರೂ ಜನ ‘ಸಂಪೂರ್ಣವಾಗಿ’ ಎಂದು ಒತ್ತಿ ಆಗಿರುತ್ತದೆ.